ಈಶಾನ್ಯದ ಎರಡೂವರೆ ಅಡಿ

"ನಿಮ್ಮ ಡಬ್ಬಿ ಪಾಪ, ಅಂದಾಜಿನ ಮ್ಯಾಲ ಜೀವಾ ಹಿಡಕೊಂಡಿದ್ವು ಶಿವಯೋಗಣ್ಣಾ. ಈ ಅಕ್ಕಾರ ಡಬ್ಬಿ ಹಂಗಲ್ರಿ. ಬೇಲ್ ಎಲ್ಲೈತಿ ಅಂದ್ರ ಇಲ್ಲೈತಿ ಅಂತ ಬಟ್ಟ ಇಟ್ಟು ತೋರಸ್ತಾವ."

ಹಮಾಲರ ಮುಖಂಡ ಫಕ್ರುಸಾಬ ಇದನ್ನು ಎಳ್ಳಷ್ಟೂ ಕುಹಕವಿಲ್ಲದೆ ಹೇಳಿದ. ಅದೇ ನನ್ನನ್ನು ಹೆಚ್ಚು ಸುಟ್ಟಿದ್ದು. ಕುಹಕವಾಡಿದ್ದರೆ ನಾನೂ ಒಂದು ಮಾತು ತಿರುಗಿಸಿ ಹಗುರಾಗಬಹುದಿತ್ತು.

"ಮೂರು ವರ್ಷ ಅದ ಅಂದಾಜಿನ ಮ್ಯಾಲ ನಿನ್ನ ಲಾರಿ ತುಂಬ್ಯಾವಲ್ಲೋ ಫಕ್ರೂ," ಅಂದೆ.

"ತುಂಬ್ಯಾವ್ರಿ, ಇಲ್ಲ ಅಂದ್ನೇನು? ಹೋದ ತಿಂಗಳ ತಪ್ಪ ಲಾಟ್ ತುಂಬಿದ್ದೂ ಅದ ಅಂದಾಜಿನ ಮ್ಯಾಲ ಅಲ್ರಿ?"

ಅವನು ಬೀಡಿ ಹಚ್ಚಲು ಕಾಂಪೌಂಡಿನ ಹೊರಗೆ ಹೋದ. ಹತ್ತಿ ಗೋದಾಮಿನ ಒಳಗೆ ಬೆಂಕಿ ತರುವ ಹಾಗಿಲ್ಲ. ನನ್ನ ಹೊಟ್ಟೆಯೊಳಗೆ ಹತ್ತಿಕೊಂಡದ್ದನ್ನು ಮಾತ್ರ ಯಾರೂ ತಡೆಯಲಿಲ್ಲ.

ಗಬ್ಬೂರ ಬೈಪಾಸಿಗೆ ಹೊಂದಿಕೊಂಡು ಶಾಂತಯ್ಯ ಸಾವಕಾರರ ಮೂರು ಗೋದಾಮುಗಳಿವೆ. ಈ ದೊಡ್ಡದರಲ್ಲಿ ಹಂಗಾಮಿನಲ್ಲಿ ಹತ್ತಿಯನ್ನು ಒತ್ತಿ ಕಟ್ಟಿದ ಬೇಲು ಸಾವಿರದ ಮೇಲೆ ಇರುತ್ತವೆ. ಹೊರಗಿನಿಂದ ಎಲ್ಲವೂ ಒಂದೇ ಮುಖ. ಒಳಗಿನ ಎಳೆಯ ಉದ್ದ ಬೇರೆ, ಬಣ್ಣ ಬೇರೆ, ಕೊಂಡ ಊರು ಬೇರೆ. ಮೇಲೊಂದು ಲಾಟು ಇಟ್ಟರೆ ಕೆಳಗಿನದು ಮುಚ್ಚಿಹೋಗುತ್ತದೆ. ಆದ್ದರಿಂದ ಲಾಟಿಗೊಂದು ಸಿಗ್ನಲ್ ಬಿಡುವ ಬಿಲ್ಲೆ ಕಟ್ಟಿ, ಅದನ್ನು ಹಿಡಿಯಲು ಗೋಡೆಗೆ ಡಬ್ಬಿ ಹಾಕಿ, ಯಾವ ಬಿಲ್ಲೆ ಎಲ್ಲಿದೆ ಅನ್ನುವುದನ್ನು ಕಂಪ್ಯೂಟರಿನಲ್ಲಿ ತೋರಿಸುವ ವ್ಯವಸ್ಥೆ ಮಾಡಿದವನು ನಾನು. ದೇಶಪಾಂಡೆ ನಗರದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ರೇಡಿಯೋದಿಂದ ಶುರುಮಾಡಿ ಟೀವಿ, ಆಮೇಲೆ ಕ್ಯಾಮೆರಾ, ಆಮೇಲೆ ಇದು. ಯಾರೂ ಕಲಿಸಿದ್ದಲ್ಲ. ಕೆಟ್ಟದ್ದನ್ನು ಬಿಚ್ಚಿ ಬಿಚ್ಚಿ ಕಲಿತದ್ದು.

ನನ್ನ ಡಬ್ಬಿಯ ಲೆಕ್ಕ ಸರಳ. ಬಿಲ್ಲೆಯ ಸಿಗ್ನಲ್ ಜೋರಾಗಿ ಬಂದರೆ ಹತ್ತಿರ, ಕ್ಷೀಣವಾಗಿ ಬಂದರೆ ದೂರ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ಗಾಳಿ ತಂಪಾಗಿ ಹತ್ತಿ ಪಸೆ ಹಿಡಿಯಿತೆಂದರೆ ಸಿಗ್ನಲನ್ನು ಅರ್ಧ ಅದೇ ನುಂಗಿಬಿಡುತ್ತಿತ್ತು. ಹತ್ತು ಹೆಜ್ಜೆಯಲ್ಲಿದ್ದ ಬೇಲು ಮೂವತ್ತು ಹೆಜ್ಜೆ ಆಚೆ ಕಾಣುತ್ತಿತ್ತು. ಹೋದ ತಿಂಗಳು ಉದ್ದ ಎಳೆಯ ಲಾಟಿನ ಬದಲು ಗಿಡ್ಡ ಎಳೆಯದು ಲಾರಿ ಹತ್ತಿ ಹೋಗಿ ಗಿರಣಿಯಿಂದ ವಾಪಸು ಬಂತು. ಸಾವಕಾರರು ನನಗೆ ಒಂದು ಮಾತು ಅನ್ನಲಿಲ್ಲ. ಧಾರವಾಡದ ಕೆಲಗೇರಿಯಿಂದ, ಇಂಥದೇ ಡಬ್ಬಿ ಕೂರಿಸುವ ಋತುಜಾ ಅನ್ನುವ ಹುಡುಗಿಯನ್ನು ಕರೆಸಿದರು, ಅಷ್ಟೇ. ಬೈದಿದ್ದರೆ ಎಷ್ಟೋ ಛಲೋ ಆಗುತ್ತಿತ್ತು.

ಶನಿವಾರ ಪರೀಕ್ಷೆ ಅಂತ ಮಾತಾಗಿತ್ತು. ಫಕ್ರುಸಾಬ ಹತ್ತು ಬಿಲ್ಲೆಗಳನ್ನು ತನಗೆ ಬೇಕಾದಲ್ಲಿ ಅಡಗಿಸಬೇಕು. ಅವಳ ಕಂಪ್ಯೂಟರು ಒಂದೊಂದನ್ನೂ ಒಂದಡಿಯೊಳಗೆ ತೋರಿಸಬೇಕು. ತೋರಿಸಿದರೆ ಉಳಿದ ಎರಡು ಗೋದಾಮಿನ ಕೆಲಸವೂ ಅವಳದೇ. ಕೆಲಸ ಹೋದರೆ ಹೋಗಲಿ, ಇನ್ನೊಂದು ಸಿಕ್ಕೀತು. ಆದರೆ ಹನ್ನೊಂದು ವರ್ಷದಿಂದ ಈ ಕಾಂಪೌಂಡಿನಲ್ಲಿ ಬಲ್ಬು ಹೋದರೂ, ತೂಕದ ಕಾಟಾ ನಿಂತರೂ, "ಶಿವಯೋಗಣ್ಣನ್ನ ಕರೀರಿ" ಅನ್ನುವ ಮಾತೊಂದೇ ಕೇಳುತ್ತಿತ್ತು. ಬುಧವಾರ ಮುಂಜಾನೆ ಪ್ರಿಂಟರು ಸಿಕ್ಕಿಹಾಕಿಕೊಂಡಾಗ ನಾನು ನಾಲ್ಕು ಹೆಜ್ಜೆಯಲ್ಲಿ ನಿಂತಿದ್ದೆ. ಗುಮಾಸ್ತ ನನ್ನನ್ನು ದಾಟಿ ಹೋಗಿ "ಅಕ್ಕಾರ, ಸ್ವಲ್ಪ ನೋಡ್ರೆಲಾ" ಅಂದ.

ಅವತ್ತೇ ಮಧ್ಯಾಹ್ನ ಅವಳು ಹಮಾಲರನ್ನೆಲ್ಲ ಕೂಡಿಸಿ ತನ್ನ ಡಬ್ಬಿ ಹೇಗೆ ಕೆಲಸ ಮಾಡುತ್ತದೆಂದು ಹೇಳಿದಳು. ಹೇಳುವ ಅಗತ್ಯವೇನಿತ್ತು? ಮೂರು ವರ್ಷದಲ್ಲಿ ನಾನು ಹೇಳಿರಲಿಲ್ಲ. ಹೇಳಿದರೂ ತಿಳಿಯುವುದಿಲ್ಲ ಅಂದುಕೊಂಡಿದ್ದೆ.

"ಫಕ್ರುಕಾಕಾ, ನೀವು ಇಲ್ಲಿ ನಿಂತು ಕಣ್ಣು ಮುಚ್ಚಿ 'ಹೋ' ಅಂತ ಒದರ್ರಿ. ಶಿದ್ದಪ್ಪ ಎಲ್ಲೋ ಬೇಲಿನ ಹಿಂದ ನಿಂತಾನ. ಕೇಳಿದ ಕೂಡಲೆ ಅವನೂ 'ಹೋ' ಅಂತಾನ. ನಿಮ್ಮ ದನಿ ಹೋಗಿ ಅವನ ದನಿ ಬರಲಿಕ್ಕೆ ಎಷ್ಟು ಹೊತ್ತಾತು ಅಂತ ಎಣಸ್ರಿ. ಅದರಾಗ ಶಿದ್ದಪ್ಪ ಬಾಯಿ ತಗೀಲಿಕ್ಕೆ ತಗೊಂಡ ಹೊತ್ತು ಕಳೀರಿ. ಉಳದದ್ದನ್ನ ಅರ್ಧಾ ಮಾಡ್ರಿ. ಅವ ಎಷ್ಟು ದೂರ ನಿಂತಾನ ಗೊತ್ತಾತು. ಜೋರ ಒದರಿದ್ರೂ ಅಷ್ಟ, ಸಣ್ಣ ದನೀಲೆ ಒದರಿದ್ರೂ ಅಷ್ಟ."

"ಶಿದ್ದಪ್ಪ ಉಂಡ ಮ್ಯಾಲ ಬಾಯಿ ತಗಿಯಾಕ ಭಾಳ ಹೊತ್ತ ತಗೋತಾನ್ರಿ!" ಅಂದ ಒಬ್ಬ ಹಮಾಲ.

ಎಲ್ಲರೂ ನಕ್ಕರು. ಅವಳೂ ನಕ್ಕಳು.

"ಅದಕ್ಕ ಅದನ್ನ ಮದಲ ಅಳದು ಇಟ್ಕೋಬೇಕು ನೋಡ್ರಿ. ಒಂದೊಂದು ಡಬ್ಬಿಗೂ ತನ್ನದ ಒಂದು ಆಲಸ್ಯ ಇರ್ತದ. ನಮ್ಮ ದನಿಗಿಂತ ಇದು ಭಾಳ ಲಗೂ ಹೋಗೂ ದನಿ. ಒಂದು ಸೆಕೆಂಡು ನೂರು ಕೋಟಿ ತುಂಡು ಮಾಡಿದ್ರ, ಒಂದು ತುಂಡಿನಾಗ ಒಂದು ಫೂಟು ಹೋಗ್ತದ. ಹಂಗಾಗಿ ಒಂದ ಒಂದು ತುಂಡು ತಪ್ಪಿದ್ರೂ ನಾವು ತಪ್ಪಿಧಂಗ."

"ಮತ್ತ ತಗಡಿಗೆ ಬಡದು ಬರೂ ದನಿ ಅಕ್ಕಾರ? ಗೋದಾಮಿನ್ಯಾಗ ಒಂದ 'ಹೋ' ಅಂದ್ರ ನಾಕ್ 'ಹೋ' ಕೇಳತಾವ," ಅಂದ ಫಕ್ರುಸಾಬ.

ಅವಳ ಮುಖ ಅರಳಿತು. "ಇದ ನೋಡ್ರಿ ಪ್ರಶ್ನೆ! ಜೋರಿಂದು ಯಾವಾಗ್ಲೂ ತಗಡಿಂದ. ಸೀದಾ ಬಂದದ್ದು ಹತ್ತಿಯೊಳಗ ತೂರಿಕೊಂಡು ಬಂದಿರ್ತದ, ಬಡಕಲು ದನಿ. ಆದ್ರ ಎಲ್ಲಾಕಿಂತ ಮದಲ ಬಂದದ್ದು ಅದ. ಜೋರಿಂದನ್ನ ಬಿಟ್ಟು ಮದಲಿಂದನ್ನ ಹಿಡೀಬೇಕು."

ನಾನು ಎದ್ದು ಹೊರಗೆ ಹೋದೆ. ಬೈಪಾಸಿನಲ್ಲಿ ಹೋಗುವ ಲಾರಿಗಳನ್ನು ಸುಮ್ಮನೆ ನೋಡಿದೆ. ಮೂರು ವರ್ಷ ನಾನು ಜೋರಿನದನ್ನೇ ನಂಬಿ ಕೂತಿದ್ದೆ. ಅವಳು ಹೇಳಿದ್ದು ಖರೇ ಅನ್ನುವುದು ಎರಡು ಮಾತಿನಲ್ಲೇ ತಿಳಿದಿತ್ತು. ನಾನೇ ಅಲ್ಲಿ ಹಮಾಲನಾಗಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದೆ. ಆ ಮಾತು ನನ್ನ ತಲೆಗೆ ಬರಬೇಕಾದದ್ದು, ನನ್ನ ಬಾಯಿಂದ ಹೊರಡಬೇಕಾದದ್ದು, ಇಪ್ಪತ್ತಾರು ವರ್ಷದ ಹುಡುಗಿ ನಗುನಗುತ್ತ ಹಂಚಿಬಿಟ್ಟಳು ಅನ್ನುವುದನ್ನೇ ಸಹಿಸಲಾಗಲಿಲ್ಲ.

ಅವಳು ಹಿಂದೆಯೇ ಬಂದು, "ಕಾಕಾ, ನೀವು ಮಾಡಿದ ವೈರಿಂಗ್ ಭಾಳ ಛಲೋ ಅದ ನೋಡ್ರಿ. ಒಂದೂ ಬದಲೀ ಮಾಡೂದು ಬೀಳಲಿಲ್ಲ," ಅಂದಳು.

ಕಾಕಾ! ಹೋದ ರವಿವಾರವಷ್ಟೇ ತಲೆಗೆ ಬಣ್ಣ ಹಚ್ಚಿಕೊಂಡಿದ್ದೆ.

ಗುರುವಾರ ಆರೂ ಡಬ್ಬಿ ಕೂತವು. ನಾಲ್ಕು ಮೂಲೆಗೆ ನಾಲ್ಕು, ಉದ್ದ ಗೋಡೆಗಳ ನಡುವೆ ಒಂದೊಂದು. ಮಧ್ಯಾಹ್ನದ ಹೊತ್ತಿಗೆ ಅವಳ ಹಣೆ ಗಂಟಿಕ್ಕಿತು. ಗೋದಾಮಿನ ಮುಕ್ಕಾಲು ಭಾಗದಲ್ಲಿ ಬಿಲ್ಲೆಗಳು ಇಟ್ಟಲ್ಲೇ ತೋರಿಸುತ್ತಿದ್ದವು. ಈಶಾನ್ಯದ ಕಡೆಗೆ ಮಾತ್ರ ಎರಡಡಿ ಅತ್ತಿತ್ತ. ಆ ಮೂಲೆಯ ಡಬ್ಬಿ ದೂರವನ್ನು ಹೆಚ್ಚಿಗೆ ಹೇಳುತ್ತಿತ್ತು. ಅವಳು ಡಬ್ಬಿ ಬದಲಿಸಿದಳು. ತಂತಿ ಬದಲಿಸಿದಳು. ಆ ಕಡೆಯ ಮೇಲಿನ ಸಾಲಿನ ಬೇಲುಗಳನ್ನು ಇಳಿಸಿದಳು. ಡಬ್ಬಿಯ ಆಲಸ್ಯವನ್ನು ಮತ್ತೆ ಅಳೆದಳು. ಹೆಚ್ಚಿಗೆ ಬಂತೆಂದರೆ ದನಿ ಎಲ್ಲೋ ಸುತ್ತಿ ಬಂದಿರಬೇಕು, ಇಲ್ಲ ಡಬ್ಬಿ ತಡಮಾಡಿರಬೇಕು. ಅವಳು ಹುಡುಕಿದ್ದು ಸರಿಯಾದ ದಾರಿಯೇ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಚಹಾ ಕೊಡುವ ನೆವದಲ್ಲಿ ಅವಳ ಟೇಬಲಿನ ಹತ್ತಿರ ಹೋದೆ. ಸಾವಕಾರರು ಕೊಟ್ಟ ಗೋದಾಮಿನ ನಕಾಶೆ ಹಾರದಂತೆ ಒಂದು ವಿಭೂತಿ ಗಟ್ಟಿ ಇಟ್ಟುಕೊಂಡಿದ್ದಳು. ಸೀಲು, ಸಹಿ ಎಲ್ಲ ಇದ್ದ ನಕಾಶೆ. ನೂರಾ ಇಪ್ಪತ್ತಕ್ಕೆ ಎಂಬತ್ತು ಅಡಿ, ನೇರಾನೇರ ಆಯತ. ಆರು ಡಬ್ಬಿಗಳ ಜಾಗವನ್ನು ಅದರ ಮೇಲೆ ಕೆಂಪು ಮಸಿಯಲ್ಲಿ ಗುರುತು ಹಾಕಿ, ಅದೇ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟಿದ್ದಳು.

ಚಹಾದ ಕಪ್ಪು ನನ್ನ ಕೈಯಲ್ಲೇ ಉಳಿಯಿತು.

ಆ ನಕಾಶೆ ಸುಳ್ಳು. ಎಂಟು ವರ್ಷದ ಹಿಂದೆ ನನ್ನ ಕಣ್ಣೆದುರೇ ಪಾಯ ತೆಗೆದು ಹಗ್ಗ ಹಿಡಿದಾಗ, ಸಾವಕಾರರ ತಾಯಿ ಮುರಿಗೆವ್ವನವರ ಮಾತಿಗೆ ವಾಸ್ತು ನೋಡುವವರೊಬ್ಬರು ಬಂದಿದ್ದರು. ಈಶಾನ್ಯ ಮೂಲೆ ಬೆಳೆಯಬೇಕು ಅಂದರು. ಉತ್ತರದ ಗೋಡೆಯನ್ನು ಮೂಡಣಕ್ಕೆ ಎರಡೂವರೆ ಅಡಿ ಚಾಚಿ ಕಟ್ಟಿದರು. ಮೂಡಣದ ಗೋಡೆ ತುಸು ಓರೆಯಾಯಿತು. ಎಂಬತ್ತು ಅಡಿಯಲ್ಲಿ ಎರಡೂವರೆ ಅಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳು ದಕ್ಷಿಣ, ಪಶ್ಚಿಮದ ಗೋಡೆಗಳಿಗೆ ಟೇಪು ಹಿಡಿದು ನೋಡಿದ್ದಳಂತೆ. ಅವೆರಡೂ ನಕಾಶೆಯಂತೆಯೇ ಇದ್ದವು. ಉಳಿದ ಎರಡಕ್ಕೆ ಬೇಲು ಒತ್ತಿಕೊಂಡಿದ್ದರಿಂದ ಟೇಪು ಹೋಗುತ್ತಿರಲಿಲ್ಲ.

ಅಂದರೆ ಅವಳ ಡಬ್ಬಿ ತಪ್ಪು ಹೇಳುತ್ತಿರಲಿಲ್ಲ. ಡಬ್ಬಿ ನಿಂತ ಜಾಗವೇ ಬೇರೆ.

ಒಂದು ಮಾತು ಹೇಳಿದ್ದರೆ ಐದು ನಿಮಿಷದ ಕೆಲಸ. ಚಹಾ ಕೊಟ್ಟು ಬಂದೆ.

ಶುಕ್ರವಾರ ಅವಳು ಊಟದ ಡಬ್ಬಿಯನ್ನೂ ತೆಗೆಯಲಿಲ್ಲ. ನಾಲ್ಕು ಗಂಟೆಗೆ ನನ್ನ ಬಳಿ ಬಂದಳು. ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು.

"ಕಾಕಾ, ಕಟ್ಟೂ ಮುಂದ ನೀವು ಇದ್ರಿ ಅಂತ ಹೇಳಿದ್ರು. ಆ ಮೂಲ್ಯಾಗ ಗ್ವಾಡಿಯೊಳಗ ಏನರೆ ಕಬ್ಬಿಣ ಅದ ಏನ್ರಿ? ದನಿ ಸುತ್ತು ಹೊಡಿಯೋ ಹಂಗ?"

"ಕಬ್ಬಿಣ ಇಲ್ಲವ್ವಾ," ಅಂದೆ.

"ಬ್ಯಾರೆ ಏನರೆ?"

"ಬ್ಯಾರೆ ಅಂದ್ರ? ಇಟ್ಟಂಗಿ, ಸಿಮೆಂಟ. ಎಲ್ಲಾ ಗ್ವಾಡ್ಯಾಗ ಇದ್ದದ್ದ."

"ಹೌದ್ರಿ, ಅದೂ ಖರೇನ," ಅಂದು ಅವಳು ತಿರುಗಿ ಹೋದಳು. ನಾನು ಆಡಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ ಅಂತ ಸ್ಕೂಟರಿನ ಮೇಲೆ ಮನೆಯವರೆಗೂ ನನಗೆ ನಾನೇ ಹೇಳಿಕೊಂಡೆ.

ರೊಟ್ಟಿ ಬಡಿಸುತ್ತ ನನ್ನ ಹೆಂಡತಿ ಸೌಮ್ಯಾ ಅಂದಳು, "ಮೂರು ದಿನಾತು, ಬಾಯಿ ತಗದ್ರ ಆ ಹುಡುಗಿದ ಮಾತು. ಬರೇ ಬೈತೀರಿ. ಏನರ ಕಿತಾಪತಿ ಮಾಡೀರೇನು?"

"ನಾ ಯಾಕ ಮಾಡ್ಲಿ? ಕೇಳಿದ್ದಕ್ಕ ಉತ್ತರಾ ಹೇಳೀನಿ."

"ಕೇಳಲಾರದ್ದು ಏನಿತ್ತು?"

ಇಪ್ಪತ್ತು ವರ್ಷ ಕೂಡಿ ಬಾಳಿದ ಹೆಣ್ಣಿನ ಮುಂದೆ ಮಾತು ಜಾರಿಸುವುದು ಕಷ್ಟ. "ಝುಣಕಾ ಇನ್ನಷ್ಟು ನೀಡು," ಅಂದೆ.

"ನೀಡ್ತೇನಿ. ಹೊಟ್ಟ್ಯಾಗ ಜಾಗಾ ಐತೇನು ನೋಡ್ರಿ ಮದ್ಲ," ಅಂದಳು.

ಶನಿವಾರ ಹೊತ್ತಿಗೆ ಮುಂಚೆಯೇ ಹೋದೆ. ಯಾಕೆ ಅಂತ ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಅವಳು ಸೋಲುವುದನ್ನು ಮೊದಲಿನಿಂದ ನೋಡಬೇಕಾಗಿತ್ತು. ಸಾವಕಾರರು ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಫಕ್ರುಸಾಬ ನನ್ನ ಹೆಗಲ ಮೇಲೆ ಕೈಹಾಕಿ, "ಬರ್ರಿ, ಬರ್ರಿ, ನಿಮ್ಮ ದಾರೀನ ನೋಡಾಕತ್ತಿದ್ವಿ," ಅಂತ ಎಂದೂ ಇಲ್ಲದ ಪ್ರೀತಿಯಿಂದ ಒಳಗೆ ಕರೆದುಕೊಂಡು ಹೋದ. ಋತುಜಾಳ ಮುಖ ತೊಳೆದ ಪಾಟಿಯಂತಿತ್ತು, ಅದರಲ್ಲಿ ಏನೂ ಓದಲು ಸಿಗಲಿಲ್ಲ.

"ಸಾವಕಾರ್ರ, ಬಿಲ್ಲೆ ಹುಡುಕೂದಕ್ಕಿಂತ ಮದಲ ಒಂದು ಮಾತು," ಅಂದಳು. "ನಿಮ್ಮ ನಕಾಶೆ ತಪ್ಪದ."

"ನಕಾಶೆ? ಸೀಲು ಐತೆಲಾ ಅದಕ್ಕ."

"ಸೀಲು ನೋಡೇ ನಾನೂ ಮೋಸ ಹೋದೆ. ಎರಡು ದಿನಾ ಈ ಮೂಲಿ ಡಬ್ಬಿಗೆ ತಡಾ ಮಾಡ್ಲಿಕತ್ತೀ ಅಂತ ಬೈದೇನಿ. ತಡಾ ಅಂತ ಎರಡೂವರಿ ಫೂಟು ಕಳದ್ರ, ಪಶ್ಚಿಮಕ್ಕಿರೂ ಬಿಲ್ಲೆ ಸರಿ ಬರ್ತಾವ, ದಕ್ಷಿಣಕ್ಕಿರೂವು ಕೆಡ್ತಾವ. ಆಲಸಿ ಇದ್ದಾವ ಎಲ್ಲಾ ದಿಕ್ಕಿಗೂ ಆಲಸೀನ ಇರಬೇಕಲ್ರಿ? ಒಂದು ದಿಕ್ಕಿಗೆ ಚುರುಕು, ಒಂದು ದಿಕ್ಕಿಗೆ ಆಲಸಿ ಹೆಂಗಾಗ್ತಾನ? ಇವತ್ತ ಮುಂಜಾನೆ ಬಂದು ಬಿಲ್ಲೆ ಬಿಟ್ಟು, ಡಬ್ಬಿಗೋಳು ತಮ್ಮತಮ್ಮೊಳಗ ಮಾತಾಡೋ ಹಂಗ ಮಾಡಿದೆ. ಮ್ಯಾಲ, ತಗಡಿನ ಕೆಳಗ ಅವಕ್ಕ ನಡುವ ಅಡ್ಡ ಏನೂ ಇಲ್ಲ. ಆರು ಡಬ್ಬಿ, ಹದಿನೈದು ದೂರ. ನಕಾಶೆ ನೋಡದ ಅವನ್ನಷ್ಟ ಕೂಡಿಸಿದ್ರ ಗೋದಾಮು ಹಿಂಗ ಬಂತು ನೋಡ್ರಿ."

ಪರದೆಯ ಮೇಲೆ ಆರು ಚುಕ್ಕೆಗಳ ಒಂದು ಚೌಕಟ್ಟಿತ್ತು. ಅದರ ಬಲಗಡೆಯ ಮೇಲಿನ ಮೂಲೆ ತುಸು ಹೊರಗೆ ಚಾಚಿತ್ತು.

ಸಾವಕಾರರು ಹಣೆ ಬಡಿದುಕೊಂಡರು. ವಿಭೂತಿ ಅಂಗೈಗೆ ಹತ್ತಿತು. "ಅಯ್ಯ ಶಿವನ! ಈಶಾನ್ಯ! ಅವ್ವ ಹಟಾ ಹಿಡದು ಬೆಳಸಿದ್ದು. ನಕಾಶೆ ಆಗಲೇ ಪಾಸಾಗಿ ಬಂದಿತ್ತು, ಹಂಗ ಬಿಟ್ವಿ. ನನಗ ನೆನಪ ಇಲ್ಲ ನೋಡು ತಂಗಿ." ಆಮೇಲೆ ಕುರ್ಚಿಯಲ್ಲೇ ತಿರುಗಿದರು. "ಶಿವಯೋಗೀ, ನೀನೂ ಇದ್ದೆಲಾ ಅವತ್ತ? ಗ್ವಾಡಿ ಉದ್ದಾತು, ವೈರಿನ ಪೈಪ್ ಕಡಿಮಿ ಬಿತ್ತು ಅಂತ ಮತ್ತ ತರಿಸಿದ್ದಿ."

ಎಲ್ಲರೂ ನನ್ನನ್ನು ನೋಡಿದರು. ಋತುಜಾ ಮಾತ್ರ ಪರದೆಯನ್ನೇ ನೋಡುತ್ತಿದ್ದಳು.

"ಎಂಟು ವರ್ಷಾತು. ಮರತಿರಬೇಕು ಬಿಡು," ಅಂದರು ಸಾವಕಾರರು.

ಹೌದ್ರಿ ಮರೆತಿದ್ದೆ ಅಂದರೆ ಮುಗಿದೇ ಹೋಗುತ್ತಿತ್ತು. ಅವರೇ ಬಾಗಿಲು ತೆಗೆದುಕೊಟ್ಟಿದ್ದರು. ನಾನು ಸತ್ಯವಂತ ಅಂತ ಅಲ್ಲ. ಮರೆತೆ ಅನ್ನಲು ನನ್ನ ಸೊಕ್ಕು ಬಿಡಲಿಲ್ಲ. ಈ ಮೂರು ಗೋದಾಮಿನ ಒಂದೊಂದು ತಂತಿ ಎಲ್ಲಿ ತಿರುಗುತ್ತದೆ ಅನ್ನುವುದು ನನ್ನ ತಲೆಯಲ್ಲಿದೆ. ಅದೊಂದೇ ನನ್ನ ಬಳಿ ಉಳಿದದ್ದು. ಅದನ್ನೂ ಆ ಹುಡುಗಿಯ ಮುಂದೆ ಬಿಟ್ಟುಕೊಡುವುದು ಆಗಲಿಲ್ಲ.

"ಮರತಿದ್ದಿಲ್ರಿ ಸಾವಕಾರ್ರ," ಅಂದೆ. "ಗುರುವಾರನ ನಕಾಶೆ ನೋಡಿದ್ದೆ. ಹೇಳಲಿಲ್ಲ."

"ಯಾ ಅಲ್ಲಾ," ಅಂದ ಫಕ್ರುಸಾಬ ಮೆಲ್ಲಗೆ.

"ಯಾಕ್ಲೇ?" ಅಂದರು ಸಾವಕಾರರು.

ಋತುಜಾ ಈಗ ತಿರುಗಿ ನೋಡಿದಳು. "ನಿನ್ನೆ ನಾ ಕೇಳಿದ್ನೆಲ್ರಿ ಕಾಕಾ."

"ಕಬ್ಬಿಣ ಐತೇನು ಅಂತ ಕೇಳಿದಿ. ಇಲ್ಲ ಅಂದೆ."

"ಹೌದು. ಕಬ್ಬಿಣ ಇದ್ದಿಲ್ಲ," ಅಂದು ಅವಳು ಕುರ್ಚಿಯನ್ನು ಟೇಬಲಿಗೆ ಎಳೆದುಕೊಂಡಳು. "ಫಕ್ರುಕಾಕಾ, ಬಿಲ್ಲೆ ಶುರು ಮಾಡೋಣ್ರಿ."

ಅವಳು ಹೇಳಿದಲ್ಲಿ ಶಿದ್ದಪ್ಪ ಹೋಗಿ ಕೈಹಾಕುತ್ತಿದ್ದ, ಬಿಲ್ಲೆ ಸಿಗುತ್ತಿತ್ತು. ಏಳನೇ ಸಾಲಿನ ಬೇಲಿನ ಕೆಳಗೆ, ಕಾಟಾದ ಹಿಂದೆ, ಈಶಾನ್ಯ ಮೂಲೆಯ ಗೋಣಿಚೀಲದೊಳಗೆ. ಎಲ್ಲವೂ ಅರ್ಧ ಅಡಿಯ ಒಳಗೆ. ಒಂಬತ್ತಾದವು. ಹತ್ತನೆಯದಕ್ಕೆ ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆ ನೋಡಿದಳು.

"ಹತ್ತನೇದು ಶಿವಯೋಗೀಶಕಾಕಾರ ಕಿಸೆದಾಗ ಅದ."

ಫಕ್ರುಸಾಬ ಮುಂಜಾನೆ ಹೆಗಲ ಮೇಲೆ ಕೈಹಾಕಿದ್ದು ಅದಕ್ಕೆ. ಬೇರೆ ದಿನವಾಗಿದ್ದರೆ ಗೋದಾಮು ಹಾರಿಹೋಗುವಂತೆ ನಗುತ್ತಿದ್ದರು. ಅವತ್ತು ಶಿದ್ದಪ್ಪ ಒಬ್ಬ ನಗಲು ಬಾಯಿ ತೆಗೆದು ಹಾಗೆಯೇ ಮುಚ್ಚಿಕೊಂಡ. ನಾನು ಬಿಲ್ಲೆ ತೆಗೆದು ಟೇಬಲಿನ ಮೇಲಿಟ್ಟೆ.

ಸಾವಕಾರರು ಎದ್ದರು. "ಉಳದ ಎರಡೂ ಗೋದಾಮು ಈಕಿನ ಮಾಡ್ಲಿ. ಶಿವಯೋಗೀ, ನೀ ಲೈಟು, ವೈರು ನೋಡ್ಕೊಂಡ ಹೋಗು." ಸಿಟ್ಟಿರಲಿಲ್ಲ ದನಿಯಲ್ಲಿ. ಅದಕ್ಕಿಂತ ಕೆಟ್ಟದ್ದೇನೋ ಇತ್ತು. ಚಪ್ಪಲಿ ಮೆಟ್ಟಿಕೊಂಡು ಆಫೀಸಿನ ಕಡೆ ಹೋದರು. ಹಮಾಲರೂ ಚೆದುರಿದರು.

ಋತುಜಾ ತನ್ನ ತಂತಿಗಳನ್ನು ಸುತ್ತುತ್ತಿದ್ದಳು. ಹತ್ತಿರ ಹೋಗಿ ನಿಂತೆ. ಕ್ಷಮೆ ಕೇಳಬೇಕು ಅಂತಲೇ ಹೋದದ್ದು, ಬಾಯಿಂದ ಬಂದದ್ದು ಬೇರೆ.

"ಆ ಎರಡು ಗೋದಾಮಿನ್ಯಾಗೂ ನಕಾಶೆ ಬ್ಯಾರೆ, ಗ್ವಾಡಿ ಬ್ಯಾರೆ ಅದಾವವ್ವಾ. ನನಗ ಎಲ್ಲಾ ನೆನಪೈತಿ. ಮದಲನೇದಕ್ಕ ಈಶಾನ್ಯದಾಗ ಒಂದೂವರಿ..."

"ಬ್ಯಾಡ್ರಿ ಕಾಕಾ, ಹೇಳಬ್ಯಾಡ್ರಿ," ಅಂದಳು. ತಂತಿಯ ಸುರುಳಿಗೆ ಗಂಟು ಹಾಕಿದಳು. "ನಾ ಡಬ್ಬಿಗೇ ಕೇಳ್ತೇನಿ."

ಆಮೇಲೆ ಅವಳು ಏಣಿ ಎಳೆದುಕೊಂಡು ಈಶಾನ್ಯ ಮೂಲೆಗೆ ಹೋದಳು. ಎರಡು ದಿನದಲ್ಲಿ ನಾಲ್ಕು ಸಲ ಬಿಚ್ಚಿ ಹಾಕಿದ್ದರಿಂದ ಅಲ್ಲಿಯ ಡಬ್ಬಿ ಸಡಿಲಾಗಿತ್ತು. ಮೇಲೇರಿ ಸ್ಕ್ರೂ ತಿರುಗಿಸುತ್ತಿದ್ದಂತೆ ಏಣಿ ಅಲುಗಿತು. ನನ್ನ ಕಾಲು ನನ್ನನ್ನು ಕೇಳದೆ ಅಲ್ಲಿಗೆ ಹೋಯಿತು. ಬುಡ ಹಿಡಿದು ನಿಂತೆ. ಅವಳು ಕೆಳಗೆ ನೋಡಿದಳು, ಮತ್ತೆ ಸ್ಕ್ರೂ ತಿರುಗಿಸತೊಡಗಿದಳು. ಒಂದು ಸ್ಕ್ರೂ ಅವಳ ಬೆರಳು ತಪ್ಪಿ, ಏಣಿಯ ಮೆಟ್ಟಿಲಿಗೆ ಟಿಣ್ಣೆಂದು ಬಡಿದು, ಎರಡು ಬೇಲುಗಳ ಸಂದಿಯೊಳಗೆ ಬಿತ್ತು. ಒಂದು ಕೈಯಲ್ಲಿ ಏಣಿ ಹಿಡಿದೇ ಮೊಣಕಾಲೂರಿ, ಇನ್ನೊಂದು ಕೈಯನ್ನು ತೋಳಿನವರೆಗೂ ಸಂದಿಗೆ ತೂರಿಸಿದೆ. ಕಣ್ಣಿಗೇನೂ ಕಾಣುತ್ತಿರಲಿಲ್ಲ. ಹತ್ತಿ, ಧೂಳು, ಕಟ್ಟಿನ ತಂತಿ, ಮತ್ತೆ ಹತ್ತಿ, ಆಮೇಲೆ ಬೆರಳ ತುದಿಗೆ ತಣ್ಣಗಿನ ಸಣ್ಣದೊಂದು ತಗುಲಿತು. ಸಿಕ್ಕಿತು ಅಂತ ಮೇಲೆತ್ತಿ ಹಿಡಿದೆ. ಅವಳು ಅಷ್ಟರಲ್ಲಿ ತನ್ನ ಕಿಸೆಯಿಂದ ಇನ್ನೊಂದನ್ನು ತೆಗೆದು ಅರ್ಧ ತಿರುಗಿಸಿಯೂ ಆಗಿತ್ತು. ನಾನು ಕೈ ಇಳಿಸಿ ಎರಡೂ ಕೈಯಿಂದ ಏಣಿ ಹಿಡಿದುಕೊಂಡೆ. ಅಂಗೈಗೂ ಏಣಿಯ ಕಂಬಕ್ಕೂ ನಡುವೆ ಆ ಸ್ಕ್ರೂ ಚುಚ್ಚುತ್ತಲೇ ಇತ್ತು.